ಬಿಸಿಲಿಗೊಂದು ದತ್ತಿ

ಕಿತ್ತೂರು ರಾಣಿ ಚೆನ್ನಮ್ಮ 1778ರಲ್ಲಿ ಜನಿಸಿದ ಊರೆಂದು ನಾಡಿಗೆಲ್ಲ ಪರಿಚಿತವಾದ ಕಾಕತಿ ಬೆಳಗಾವಿ ನಗರದಿಂದ ಉತ್ತರಕ್ಕೆ, ಪುಣೆಯ ಹೆದ್ದಾರಿಯ ಮಗ್ಗುಲಲ್ಲಿ, ಹತ್ತು ಕಿಲೋಮೀಟರಿನೊಳಗೇ ಸಿಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಾದರೋ ಅದೇ ನಗರದಿಂದ ನೈರುತ್ಯಕ್ಕೆ, ಖಾನಾಪುರ ತಾಲೂಕಿನ ಅಡವಿಯನ್ನು ಹಾಯ್ದು ಚೋರ್ಲಾ ಘಟ್ಟವನ್ನು ಇಳಿಯುವ ದಾರಿಯಲ್ಲಿದೆ. ಬಸ್ಸು ಹತ್ತಿದವನಿಗೆ ಈ ಎರಡು ಊರುಗಳ ನಡುವಣ ಅಂತರ ಅರ್ಧ ದಿವಸದ ಪ್ರಯಾಣಕ್ಕೂ ಕಡಮೆ. ಆದರೆ ಬಿಸಿಲಿನ ಲೆಕ್ಕ ಹಿಡಿದು ನೋಡುವವನಿಗೆ ಇವು ಎರಡು ಬೇರೆ ಬೇರೆ ಸೀಮೆಗಳೇ ಸರಿ. ಕಾಕತಿಯ ಬಯಲಿನಲ್ಲಿ ಆಷಾಢದ ಮೋಡ ಒಮ್ಮೆ ಕವಿದರೂ ಮಧ್ಯಾಹ್ನದ ಹೊತ್ತಿಗೆ ಅಲ್ಲಲ್ಲಿ ಹರಿದು ಸೂರ್ಯನಿಗೆ ದಾರಿ ಕೊಡುತ್ತದೆ. ಕಣಕುಂಬಿ, ಜಾಂಬೋಟಿ, ಹಾಗೂ ರಾಜ್ಯದಲ್ಲಿಯೇ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲಿ ಒಂದೆಂದು ಹೆಸರಾದ ಆಮಗಾಂವ, ಇವುಗಳ ಸುತ್ತಿನ ಕಾಡಿನಲ್ಲಿ ಜೂನ್ ತಿಂಗಳಲ್ಲಿ ಮುಚ್ಚಿದ ಆಕಾಶ ಸೆಪ್ಟೆಂಬರಿನವರೆಗೂ ಸರಿಯಾಗಿ ತೆರೆಯುವುದೆಂಬ ಭರವಸೆ ಇಲ್ಲ. ಶಾಲೆಗಳಿಗೂ ಸೇವಾಸಂಸ್ಥೆಗಳಿಗೂ ಸೌರವಿದ್ಯುತ್ತನ್ನು ಅಳವಡಿಸಿಕೊಡಲು ಅನುದಾನ ನೀಡುವ ಕಾರ್ಯ ಈಗ ದೇಶದ ಅನೇಕ ಕಡೆ ನಡೆಯುತ್ತಿರುವಾಗ, ಈ ಒಂದು ಜಿಲ್ಲೆಯ ಎರಡು ತುದಿಗಳನ್ನು ಎದುರಿಗಿಟ್ಟುಕೊಂಡು ಆ ವಿಷಯವನ್ನು ವಿಚಾರಿಸುವುದು ಉಪಯುಕ್ತವೆಂದು ನನಗೆ ತೋರುತ್ತದೆ.

ಮೊದಲು ಸರ್ಕಾರದ ಸಹಾಯಧನದ ಮಾತು. ಮನೆಯ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸುವವರಿಗೆ ಸರ್ಕಾರ ಹಣ ಕೊಡುತ್ತದೆಂಬುದು ಇಂದು ಎಲ್ಲರೂ ಬಲ್ಲ ಸಂಗತಿ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಂತೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರು ಕಿಲೋವ್ಯಾಟ್ ಅಥವಾ ಅದಕ್ಕೆ ಮೀರಿದ ಘಟಕಕ್ಕೆ ಒಟ್ಟು 78,000 ರೂಪಾಯಿ ಗೃಹಸ್ಥನ ಬ್ಯಾಂಕು ಖಾತೆಗೆ ಬರುತ್ತದೆ. ಮನೆಗೇ ಇಷ್ಟು ಸಿಗುವಾಗ ನೂರಾರು ಮಕ್ಕಳು ಓದುವ ಶಾಲೆಗೆ ಇನ್ನೂ ಹೆಚ್ಚು ದೊರೆಯಬೇಕಲ್ಲವೆ ಎಂದು ಭಾವಿಸಿ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯವರು ವಿಚಾರಿಸಹೋದರೆ, ಅವರಿಗೆ ಸಿಗುವ ಉತ್ತರ ನಿರಾಶಾದಾಯಕವಾದದ್ದು. ಹಿಂದೆ ಹೀಗಿರಲಿಲ್ಲ. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ಮಾಳಿಗೆಯ ಸೌರವಿದ್ಯುತ್ ಕಾರ್ಯಕ್ರಮದ ಮೊತ್ತವನ್ನು 600 ಕೋಟಿಯಿಂದ 5,000 ಕೋಟಿಗೆ ಏರಿಸಿದಾಗ ಮನೆಗಳೊಡನೆ ಶಾಲೆ, ಆಸ್ಪತ್ರೆ, ಅನಾಥಾಲಯ, ನೋಂದಾಯಿತ ಧರ್ಮಸಂಸ್ಥೆ, ಇವೆಲ್ಲಕ್ಕೂ ನಿಗದಿತ ವೆಚ್ಚದ ಶೇಕಡ 30ರಷ್ಟು ನೆರವು ದೊರೆಯುವಂತೆ ಏರ್ಪಾಡಾಗಿತ್ತು. 2019ರ ಫೆಬ್ರವರಿಯಲ್ಲಿ ಕಾರ್ಯಕ್ರಮದ ಎರಡನೆಯ ಹಂತ ಮಂಜೂರಾದಾಗ ನೆರವು ವಾಸದ ಮನೆಗಳಿಗೆ ಮಾತ್ರ ಎಂದು ನಿಯಮವಾಯಿತು. ಸೂರ್ಯಘರ್ ಯೋಜನೆಯೂ ಅದೇ ಹಾದಿಯನ್ನು ಹಿಡಿಯಿತು. ಮನೆಗಳ ಸಂಖ್ಯೆ ದೊಡ್ಡದು, ಮತವೂ ಅಲ್ಲಿಯೇ ಇದೆ. ಈ ನಿರ್ಣಯದ ಹಿಂದಿನ ವಿಚಾರವನ್ನು ಊಹಿಸುವುದು ಕಷ್ಟವಲ್ಲ. ಆದರೂ ಹಗಲು ಹತ್ತರಿಂದ ನಾಲ್ಕರವರೆಗೆ, ಅಂದರೆ ಸೂರ್ಯನಿರುವ ಹೊತ್ತಿಗೆ ಸರಿಯಾಗಿ ವಿದ್ಯುತ್ತನ್ನು ಬಳಸುವ ಕಟ್ಟಡವೆಂದರೆ ಶಾಲೆಯೇ ಹೊರತು ಸಂಜೆ ದೀಪ ಹಚ್ಚುವ ಮನೆಯಲ್ಲ ಎಂಬುದನ್ನು ನೆನೆದಾಗ, ಶಾಲೆಯನ್ನು ಪಂಕ್ತಿಯಿಂದ ಎಬ್ಬಿಸಿದ ಈ ಕ್ರಮ ವಿವೇಕಯುತವಾಗಿತ್ತೆಂದು ಹೇಳಲು ನನಗೆ ಮನಸ್ಸು ಬಾರದು.

ಸರ್ಕಾರಿ ಶಾಲೆಗಳ ಮಟ್ಟಿಗೆ ರಾಜ್ಯ ಸರ್ಕಾರವು 2024ರಲ್ಲಿ ವಿದ್ಯುತ್ತನ್ನು ಉಚಿತವಾಗಿ ಕೊಡುವುದಾಗಿ ಘೋಷಿಸಿದ್ದರಿಂದ ಲೈಟ್ ಬಿಲ್ಲಿನ ಚಿಂತೆ ತಕ್ಕಮಟ್ಟಿಗೆ ಇಳಿದಿದೆ. ಉಳಿದವರು ಅನುದಾನಿತ ಶಾಲೆಗಳವರು, ಟ್ರಸ್ಟುಗಳು, ವೃದ್ಧಾಶ್ರಮ ಮತ್ತು ವಿಶೇಷ ಮಕ್ಕಳ ವಸತಿಶಾಲೆಗಳನ್ನು ನಡೆಸುವ ಸೇವಾಸಂಸ್ಥೆಗಳವರು. ಇವರ ಇಕ್ಕಟ್ಟು ವಿಚಿತ್ರವಾದದ್ದು. ಉದ್ಯಮಿಯೊಬ್ಬ ಸೌರಘಟಕ ಹಾಕಿಸಿದರೆ ಅದರ ಸವಕಳಿಯನ್ನು ತೋರಿಸಿ ಆದಾಯ ತೆರಿಗೆಯಲ್ಲಿ ಉಳಿತಾಯ ಮಾಡಿಕೊಳ್ಳಬಹುದು; ತೆರಿಗೆಯನ್ನೇ ಕೊಡದ ಧರ್ಮಸಂಸ್ಥೆಗೆ ಆ ರಿಯಾಯಿತಿಯಿಂದ ಬರುವ ಲಾಭವೇನು? ಅಮೆರಿಕೆಯಲ್ಲಿಯೂ ಬಹುಕಾಲ ಇದೇ ಕೊರತೆ ಇದ್ದು, ತೆರಿಗೆಯ ರಿಯಾಯಿತಿಗೆ ಸಮನಾದ ಮೊತ್ತವನ್ನು ಶಾಲೆ, ಚರ್ಚು, ಸೇವಾಸಂಸ್ಥೆಗಳಿಗೆ ನೇರವಾಗಿ ಪಾವತಿ ಮಾಡುವ ಏರ್ಪಾಡು 2022ರ ಕಾಯಿದೆಯಿಂದ ಅಲ್ಲಿ ಸಾಧ್ಯವಾಯಿತು. ನಮ್ಮಲ್ಲಿ ಅಂಥದೇನೂ ಇಲ್ಲದಿರುವುದರಿಂದ ದಾನಿಗಳ ಅನುದಾನವೇ ಗತಿಯಾಗಿದೆ.

ದಾನಿಗಳಲ್ಲಿ ಇಂದು ಅಗ್ರಸ್ಥಾನ ಕಂಪನಿಗಳದು. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, 500 ಕೋಟಿ ನಿವ್ವಳ ಆಸ್ತಿ, ಸಾವಿರ ಕೋಟಿ ವಹಿವಾಟು, ಐದು ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ ಎರಡನ್ನು ಸಮಾಜದ ಕೆಲಸಕ್ಕೆ ವ್ಯಯಿಸತಕ್ಕದ್ದು. ಶಿಕ್ಷಣವೂ ಪರಿಸರ ರಕ್ಷಣೆಯೂ ಆ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಸೇರಿರುವುದರಿಂದ ಶಾಲೆಯ ಮೇಲಿನ ಸೌರಘಟಕ ಎರಡು ಬಾಗಿಲುಗಳಿಂದಲೂ ಒಳಗೆ ಬರಬಲ್ಲದು. ಜನ ಇದನ್ನು ಸಿಎಸ್‌ಆರ್ ಹಣವೆಂದು ಕರೆಯುತ್ತಾರೆ. ಈ ಹಣವನ್ನು ಪಡೆದು ಕೆಲಸ ನಡೆಸುವ ಸಂಸ್ಥೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿಗಳನ್ನು ಹೊಂದಿ, ಮೂರು ವರ್ಷವಾದರೂ ಅಂಥ ಕಾರ್ಯಗಳನ್ನು ನಡೆಸಿ, 2021ರ ಏಪ್ರಿಲಿನಿಂದ ಕಡ್ಡಾಯವಾದ ಸಿಎಸ್‌ಆರ್-1 ನಮೂನೆಯನ್ನು ತುಂಬಿ ಸಂಖ್ಯೆಯನ್ನು ಪಡೆದಿರಬೇಕು. ಹಳ್ಳಿಯ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಇವು ಯಾವುವೂ ಇರುವುದಿಲ್ಲವಾದ್ದರಿಂದ ಅದು ನೋಂದಾಯಿತ ಸೇವಾಸಂಸ್ಥೆಯೊಂದರ ಮೂಲಕ ಹೋಗಬೇಕು, ಇಲ್ಲವೆ ಕಂಪನಿಯೇ ನೇರವಾಗಿ ಬಂದು ಘಟಕ ಹಾಕಿಕೊಡಬೇಕು. ಇನ್ನೊಂದು ನಿಯಮವನ್ನು ಬಹಳ ಮಂದಿ ಗಮನಿಸುವುದಿಲ್ಲ: ಇಂಥ ಹಣದಿಂದ ನಿರ್ಮಿತವಾದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ, ನೋಂದಾಯಿತ ಟ್ರಸ್ಟಿಗೋ ಸರ್ಕಾರದ ಪ್ರಾಧಿಕಾರಕ್ಕೋ ಫಲಾನುಭವಿಗಳ ಸಂಘಕ್ಕೋ ಅದು ಸೇರಬೇಕು. ಹಸ್ತಾಂತರದ ಕಾಗದವಿಲ್ಲದೆ ಫಲಕದ ಮೇಲೆ ದಾನಿಯ ಹೆಸರನ್ನು ಬರೆಸಿ ಫೋಟೋ ತೆಗೆಸಿಕೊಂಡು ಹೋದರೆ, ಮುಂದೆ ಇನ್ವರ್ಟರ್ ಕೆಟ್ಟಾಗ ಅದನ್ನು ಯಾರು ರಿಪೇರಿಗೆ ಒಯ್ಯಬೇಕೆಂಬುದೇ ಜಿಜ್ಞಾಸೆಗೆ ಒಳಗಾಗುತ್ತದೆ. ವಿದೇಶದ ದಾನಿಗಳ ಹಣಕ್ಕೆ ನಿಯಮ ಇನ್ನೂ ಕಟ್ಟುನಿಟ್ಟು; 2020ರ ತಿದ್ದುಪಡಿಯ ಮೇಲೆ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ.

ಇನ್ನು ಯಂತ್ರದ ವಿಚಾರ. ಕಾಕತಿಯಂಥ ಬಯಲ ಸೀಮೆಯ ಊರಿನಲ್ಲಿ ಹತ್ತು ಕೊಠಡಿಗಳ ಪ್ರೌಢಶಾಲೆಯೊಂದನ್ನು ಕಲ್ಪಿಸಿಕೊಳ್ಳೋಣ. ಕೊಠಡಿಗೆ ನಾಲ್ಕರಂತೆ ನಲವತ್ತು ಫ್ಯಾನುಗಳು, ಅಷ್ಟೇ ಟ್ಯೂಬ್‌ಲೈಟುಗಳು, ಒಂದು ಕಂಪ್ಯೂಟರ್ ಕೋಣೆ, ನೀರೆತ್ತುವ ಒಂದು ಪಂಪು ಎಂದು ಹಿಡಿದರೆ ಐದು ಕಿಲೋವ್ಯಾಟಿನ ಘಟಕ ಸಾಕು. ಕಿಲೋವ್ಯಾಟಿಗೆ ನೂರು ಚದರಡಿ ನೆರಳಿಲ್ಲದ ಮಾಳಿಗೆ ಬೇಕಾದ್ದರಿಂದ ಐದು ನೂರು ಚದರಡಿ ಸ್ಥಳ. ಫಲಕಗಳು ದಕ್ಷಿಣಕ್ಕೆ ಮುಖಮಾಡಿ, ಬೆಳಗಾವಿಯ ಅಕ್ಷಾಂಶಕ್ಕೆ ತಕ್ಕಂತೆ ಹದಿನೈದು ಹದಿನಾರು ಡಿಗ್ರಿ ಬಾಗಿರಬೇಕು. ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಕೊಡುತ್ತದೆ. ಐದು ಕಿಲೋವ್ಯಾಟಿಗೆ ವರ್ಷಕ್ಕೆ ಏಳು ಸಾವಿರ ಯೂನಿಟ್ಟಾಯಿತು. ಯೂನಿಟ್ಟಿಗೆ ಏಳೆಂಟು ರೂಪಾಯಿ ಎಂದರೂ ಐವತ್ತು ಸಾವಿರದ ಆಸುಪಾಸಿನ ಉಳಿತಾಯ, ಅಂದರೆ ಮೂರು ಲಕ್ಷದ ಘಟಕ ಆರು ವರ್ಷಗಳಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸಿ, ಫಲಕದ ಇಪ್ಪತ್ತೈದು ವರ್ಷಗಳ ಆಯುಸ್ಸಿನಲ್ಲಿ ಉಳಿದದ್ದನ್ನು ಶಾಲೆಗೆ ಬಿಟ್ಟುಕೊಡುತ್ತದೆ. ಇಷ್ಟು ಲಾಭವಿರುವಲ್ಲಿ ಪೂರ್ಣ ದಾನ ಬೇಕೇ ಎಂಬ ಪ್ರಶ್ನೆ ಸಹಜ. ಅರ್ಧವನ್ನು ದಾನಿ ಕೊಟ್ಟು ಉಳಿದರ್ಧಕ್ಕೆ ಬ್ಯಾಂಕು ಸಾಲ ಕೊಟ್ಟರೂ ಕಾಕತಿಯ ಶಾಲೆ ತೀರಿಸಬಲ್ಲದು. ಪೂರ್ಣ ಅನುದಾನವನ್ನು ಘಟ್ಟದ ಕಡೆಗೆ ತಿರುಗಿಸುವುದು ನ್ಯಾಯ.

ಇಲ್ಲಿ ಒಂದು ಸೂಕ್ಷ್ಮವುಂಟು. ಬ್ಯಾಟರಿಯಿಲ್ಲದೆ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ತಂತಿಗೆ ನೇರವಾಗಿ ಜೋಡಿಸಿದ ಘಟಕ ಅಗ್ಗವಾದದ್ದು, ಆದರೆ ಕರೆಂಟು ಹೋದೊಡನೆ ಅದೂ ನಿಂತುಬಿಡುತ್ತದೆ. ನಡುಹಗಲಿನ ಉರಿಬಿಸಿಲಿನಲ್ಲಿ ಫಲಕಗಳು ಥಳಥಳಿಸುತ್ತಿದ್ದರೂ ತರಗತಿಯ ಫ್ಯಾನು ತಿರುಗುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ; ಕಂಬದ ಮೇಲೆ ದುರಸ್ತಿಗೆ ಹತ್ತಿದ ಲೈನ್‌ಮ್ಯಾನಿಗೆ ಶಾಲೆಯ ಮಾಳಿಗೆಯಿಂದ ಹರಿದ ವಿದ್ಯುತ್ತು ತಗುಲಬಾರದೆಂದು ಇನ್ವರ್ಟರ್ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ದಾನಿಯೂ ಮುಖ್ಯೋಪಾಧ್ಯಾಯರೂ ಇದನ್ನು ಮೊದಲೇ ತಿಳಿದಿದ್ದರೆ, ಉದ್ಘಾಟನೆಯಾದ ವಾರದಲ್ಲಿಯೇ “ಸೋಲಾರ್ ಹಾಕಿಸಿದ್ರೂ ಕರೆಂಟ್ ಇಲ್ರೀ” ಎಂಬ ದೂರು ಏಳುವುದು ತಪ್ಪುತ್ತದೆ. ಇಂಥ ಘಟಕದ ಮತ್ತೊಂದು ಗುಣ ರಜೆಯ ಕಾಲದಲ್ಲಿ ತೋರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ಪರಾಕಾಷ್ಠೆಗೆ ಏರಿದಾಗ ಶಾಲೆಗೆ ಬೀಗ ಬಿದ್ದಿರುತ್ತದೆ. ಆಗ ಉತ್ಪನ್ನವಾದದ್ದು ನೆಟ್ ಮೀಟರಿನ ಮೂಲಕ ಹೆಸ್ಕಾಂ ಜಾಲಕ್ಕೆ ಹೋಗಿ ಶಾಲೆಯ ಲೆಕ್ಕಕ್ಕೆ ಜಮೆಯಾಗಬೇಕು. ಆ ಮೀಟರನ್ನು ಹಾಕಿಸಿಕೊಳ್ಳದಿದ್ದರೆ ವರ್ಷದ ಅತ್ಯುತ್ತಮ ಫಸಲು ವ್ಯರ್ಥವಾಯಿತೆಂದೇ ಅರ್ಥ.

ಖಾನಾಪುರದ ಅಡವಿಗೆ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಶಾಲೆ ಬಾಗಿಲು ತೆರೆಯುವುದು ಜೂನ್ ತಿಂಗಳಲ್ಲಿ. ಸೂರ್ಯ ಮರೆಯಾಗುವುದೂ ಅದೇ ತಿಂಗಳಲ್ಲಿ. ಗಾಳಿಗೆ ಮರ ಬಿದ್ದು ತಂತಿ ಹರಿಯುವುದೂ, ಹರಿದ ತಂತಿಯ ಜಾಗಕ್ಕೆ ಲೈನ್‌ಮ್ಯಾನ್ ತಲುಪಲು ದಿನಗಳು ಹಿಡಿಯುವುದೂ, ಕತ್ತಲು ಕವಿದ ಹಂಚಿನ ಕೊಠಡಿಯಲ್ಲಿ ಹಲಗೆಯ ಮೇಲಿನ ಅಕ್ಷರ ಕಾಣದಿರುವುದೂ ಆ ಕಾಲದಲ್ಲಿಯೇ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಒಳಗಿನ ಊರುಗಳಿಗೆ ಕಂಬ ನೆಟ್ಟು ತಂತಿ ಎಳೆಯಬೇಕಾದರೆ ಅರಣ್ಯ ಇಲಾಖೆಯ ಅನುಮತಿಯ ದೀರ್ಘ ಕಥೆಯನ್ನು ದಾಟಬೇಕು. ಆದಕಾರಣ ಅಲ್ಲಿಗೆ ಬೇಕಾದದ್ದು ಬಿಲ್ಲನ್ನು ಇಳಿಸುವ ಘಟಕವಲ್ಲ, ಬ್ಯಾಟರಿಯುಳ್ಳ, ತಂತಿಯ ಹಂಗಿಲ್ಲದ ಘಟಕ. ಅದರ ಗಾತ್ರ ಸಣ್ಣದು, ವೆಚ್ಚ ಮಾತ್ರ ಕಿಲೋವ್ಯಾಟಿನ ಲೆಕ್ಕದಲ್ಲಿ ಹೆಚ್ಚು. ಎರಡು ಕೊಠಡಿಗಳ ಕಿರಿಯ ಪ್ರಾಥಮಿಕ ಶಾಲೆಗೆ ಆರು ಎಲ್‌ಇಡಿ ದೀಪ, ನಾಲ್ಕು ಫ್ಯಾನು, ಒಂದು ಟಿವಿ ಎಂದರೆ ದಿನಕ್ಕೆ ಒಂದೂಕಾಲು ಯೂನಿಟ್ಟು ಸಾಕು; ಆ ಫ್ಯಾನುಗಳು 75 ವ್ಯಾಟಿನ ಹಳೆಯ ಮಾದರಿಯವಾಗಿರದೆ 30 ವ್ಯಾಟಿನೊಳಗೆ ತಿರುಗುವ ಬಿಎಲ್‌ಡಿಸಿ ಫ್ಯಾನುಗಳಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ದಾನಿಯ ಮೊದಲ ರೂಪಾಯಿ ಫಲಕಕ್ಕಲ್ಲದೆ ಫ್ಯಾನಿಗೆ ಹೋಗಬೇಕೆಂದು ನಾನು ಹೇಳುವುದು ಇದರಿಂದಲೇ. 12 ವೋಲ್ಟಿನ, 150 ಆಂಪಿಯರ್-ಅವರಿನ ಒಂದು ಟ್ಯೂಬ್ಯುಲರ್ ಬ್ಯಾಟರಿ ತುಂಬಿದಾಗ 1.8 ಯೂನಿಟ್ಟು ಹಿಡಿದಿಡುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನವೂ ಬಳಸಿದರೆ ಅದರ ಆಯುಸ್ಸು ಕುಂದುತ್ತದೆ. ಮೂರು ದಿನ ಬಿಸಿಲಿಲ್ಲದೆ ನಡೆಯಬೇಕಾದರೆ ಅಂಥವು ನಾಲ್ಕಾದರೂ ಬೇಕು. ಮುಂಗಾರಿನ ಮಬ್ಬಿನಲ್ಲಿ ಫಲಕದ ಉತ್ಪತ್ತಿ ಬೇಸಿಗೆಯ ಅರ್ಧಕ್ಕೂ ಇಳಿಯುವುದರಿಂದ ಬಯಲಿನಲ್ಲಿ ಅರ್ಧ ಕಿಲೋವ್ಯಾಟ್ ಸಾಕಾಗುವ ಕೆಲಸಕ್ಕೆ ಇಲ್ಲಿ ಒಂದು ಕಿಲೋವ್ಯಾಟ್ ಇಡಬೇಕು.

ಮಾಡಿನ ತೊಡಕು ಬೇರೆ. ಖಾನಾಪುರ ಹಂಚಿಗೂ ಕುಂಬಾರಿಕೆಗೂ ಹೆಸರಾದ ಸೀಮೆ. ಅಲ್ಲಿನ ಹಳೆಯ ಶಾಲೆಗಳು ಬಹುಮಟ್ಟಿಗೆ ಹಂಚಿನವೇ. ಕಾಂಕ್ರೀಟು ಮಾಳಿಗೆಯ ಮೇಲೆ ನಿಲ್ಲಿಸುವ ಚೌಕಟ್ಟನ್ನು ಹಂಚಿನ ಮೇಲೆ ನಿಲ್ಲಿಸಲಾಗದು. ಹಂಚಿನ ಕೆಳಗಿನ ತೊಲೆಗಳಿಗೆ ಕೊಕ್ಕೆ ಬಿಗಿಯಬೇಕು, ಇಲ್ಲವೆ ಅಂಗಳದಲ್ಲಿ ಕಬ್ಬಿಣದ ಕಂಬ ನೆಟ್ಟು ಅದರ ನೆತ್ತಿಯ ಮೇಲೆ ಫಲಕವಿಡಬೇಕು. ಕಂಬದ ಪಕ್ಷ ನನಗೆ ಹೆಚ್ಚು ಹಿಡಿಸುತ್ತದೆ. ಹಂಚಿನ ಮೇಲೆ ನೆಗೆಯುವ ಮುಸುವಗಳಿಂದ ಅದು ದೂರ. ಮರದ ನೆರಳು ತಪ್ಪುವ ಜಾಗವನ್ನು ಆರಿಸಿಕೊಳ್ಳಬಹುದು. ಎಲ್ಲಕ್ಕೂ ಮಿಗಿಲಾಗಿ, ಭೀಮಗಡದ ತಳೇವಾಡಿಯಂಥ ಊರುಗಳ ಸ್ಥಳಾಂತರ ಈಚೆಗೆ ಆರಂಭವಾಗಿರುವಾಗ, ಜನ ಹೊರಟರೆ ಘಟಕವನ್ನೂ ಬಿಚ್ಚಿಕೊಂಡು ಅವರ ಹೊಸ ಶಾಲೆಗೆ ಒಯ್ಯಬಹುದು. ತಂತಿ ಎಳೆದಿದ್ದರೆ ಆ ಹಣ ಕಾಡಿನಲ್ಲಿಯೇ ಉಳಿಯುತ್ತಿತ್ತು.

ವಿದ್ಯುತ್ತಿನ ವಿಷಯದಲ್ಲಿ ಈ ಜಿಲ್ಲೆ ಹೊಸಬನಲ್ಲ. ಗೋಕಾಕ ಜಲಪಾತದಲ್ಲಿ 1887ರಷ್ಟು ಹಿಂದೆಯೇ, ಶಿವನಸಮುದ್ರಕ್ಕಿಂತ ಹದಿನೈದು ವರ್ಷ ಮೊದಲು, ನೀರಿನಿಂದ ವಿದ್ಯುತ್ತು ಹುಟ್ಟಿತು. 1969ರಲ್ಲಿ ದೇಶದ ಐದು ಪ್ರಾಯೋಗಿಕ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು ಹುಕ್ಕೇರಿಯಲ್ಲಿ ಸ್ಥಾಪಿತವಾಯಿತು. ಸೌರದೀಪದ ಕಥೆಯಲ್ಲಿಯೂ ಈ ಸೀಮೆಗೆ ಪಾಲುಂಟು. 1995ರಲ್ಲಿ ಹರೀಶ್ ಹಂದೆಯವರೂ ನೆವಿಲ್ ವಿಲಿಯಮ್ಸ್ ಅವರೂ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದಾಗ, ಬಡವನಿಗೆ ಸೌರದೀಪದ ಸಾಲ ಕೊಡುವುದು ಹುಚ್ಚುತನವೆಂದು ಬ್ಯಾಂಕುಗಳು ಹಿಂಜರಿಯುತ್ತಿದ್ದ ಕಾಲದಲ್ಲಿ, ಮೊದಲು ಧೈರ್ಯಮಾಡಿದ ಬ್ಯಾಂಕುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಒಂದು. ಕಣಕುಂಬಿಯಲ್ಲಿ ಹುಟ್ಟಿದ ನದಿಯ ಹೆಸರನ್ನೇ ಹೊತ್ತ ಆ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಸೆಲ್ಕೋ ಪ್ರತಿಷ್ಠಾನವು ದಾನಿಗಳ ನೆರವಿನಿಂದ ಕರ್ನಾಟಕದ ಶಾಲೆಗಳಲ್ಲಿ ನಡೆಸಿದ ‘ಲೈಟ್ ಫಾರ್ ಎಜುಕೇಷನ್’ ಎಂಬ ಯೋಜನೆಯ ಕಲ್ಪನೆ ನನಗೆ ಬಹಳ ಮೆಚ್ಚಿಕೆಯಾದದ್ದು. ಫಲಕ ಇರುವುದು ಶಾಲೆಯ ಮಾಡಿನ ಮೇಲೆ. ಮಗುವಿನ ಕೈಯಲ್ಲಿರುವುದು ಒಂದು ಪುಟ್ಟ ಬ್ಯಾಟರಿ ಮತ್ತು ದೀಪ. ಬೆಳಗ್ಗೆ ಪಾಟೀಚೀಲದೊಡನೆ ಬ್ಯಾಟರಿಯನ್ನೂ ತಂದು ಶಾಲೆಯ ಚಾರ್ಜಿಂಗ್ ಪೆಟ್ಟಿಗೆಗೆ ಸಿಕ್ಕಿಸಿ, ಸಂಜೆ ಅದನ್ನು ತುಂಬಿಸಿಕೊಂಡು ಮನೆಗೆ ಒಯ್ದರೆ ರಾತ್ರಿಯ ಓದಿಗೆ ಬೆಳಕಾಯಿತು. ಬೆಳಕು ಬೇಕೆಂದರೆ ಮರುದಿನ ಶಾಲೆಗೆ ಬರಲೇಬೇಕು; ಹಾಜರಿಯ ಪ್ರಶ್ನೆಗೂ ಅದರಲ್ಲಿ ಸದ್ದಿಲ್ಲದ ಉತ್ತರವಿದೆ. ಒಂದೇ ಘಟಕ ಶಾಲೆಯನ್ನೂ ಹತ್ತಾರು ಮನೆಗಳನ್ನೂ ತಲುಪುವುದರಿಂದ ದಾನಿಯ ಹಣಕ್ಕೆ ದುಪ್ಪಟ್ಟು ಫಲ ಬರುತ್ತದೆ. ತಂತಿಯಿದ್ದೂ ಮಳೆಗಾಲವಿಡೀ ಕತ್ತಲಾಗಿರುವ ಖಾನಾಪುರದ ಹಾಡಿಗಳಿಗೆ ಈ ಮಾದರಿ ಇಂದಿಗೂ ಒಪ್ಪುತ್ತದೆ. ಇದೇ ಪ್ರತಿಷ್ಠಾನ ಐಕಿಯಾ ಪ್ರತಿಷ್ಠಾನದ ದೊಡ್ಡ ಮೊತ್ತದ ನೆರವಿನಿಂದ ಆರೋಗ್ಯ ಕೇಂದ್ರಗಳಿಗೆ ಸೌರವಿದ್ಯುತ್ತು ಒದಗಿಸುತ್ತಿದ್ದು, ರಾಜ್ಯದ ಆರೋಗ್ಯ ಇಲಾಖೆಯೊಡನೆ ಕೂಡಿ ಐದು ಸಾವಿರ ಕೇಂದ್ರಗಳನ್ನು ಗುರಿಯಾಗಿಟ್ಟುಕೊಂಡ ‘ಸೌರ ಸ್ವಾಸ್ಥ್ಯ’ ಯೋಜನೆಯನ್ನೂ ಕೈಗೊಂಡಿದೆ. ಲಸಿಕೆಯ ಫ್ರಿಜ್ಜಿಗೂ ಹೆರಿಗೆಯ ಕೋಣೆಗೂ ರಾತ್ರಿ ಕರೆಂಟು ಬೇಕೇಬೇಕಾದ್ದರಿಂದ ಅಲ್ಲಿ ದಾನಿಗಳ ಮನಸ್ಸು ಬೇಗ ಕರಗುತ್ತದೆ. ಶಾಲೆಯ ಸರದಿ ಸ್ವಲ್ಪ ಹಿಂದೆ ಬೀಳುತ್ತದೆ.

ದಾನದ ಸಂಪ್ರದಾಯಕ್ಕೆ ಬೆಳಗಾವಿಯಲ್ಲಿ ಬಡತನವೆಂದೂ ಇರಲಿಲ್ಲ. ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದಾಗ ಭೂಮಿಯನ್ನೂ ಬಿಡಲಾಯಿತೆಂದು ಶಾಸನ ಹೇಳುತ್ತದೆ. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆಂದು ಬಿಟ್ಟುಹೋದರು. 1916ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಸ್ಥಾಪಿಸಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಆರಂಭಿಸಿದ ಕಾಲೇಜು ಅವರ ಹೆಸರನ್ನೇ ಧರಿಸಿದೆ. ಈ ಹಳೆಯ ದತ್ತಿಗಳಲ್ಲಿ ನಾವು ಮರೆತ ಒಂದು ವ್ಯವಹಾರಜ್ಞಾನವಿತ್ತು. ಗುಡಿಗೆ ನಂದಾದೀಪ ಬಿಡುವವನು ಹಿತ್ತಾಳೆಯ ದೀಪವನ್ನಷ್ಟೇ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಿರಲಿಲ್ಲ. ಎಣ್ಣೆಗೆಂದು ಗಾಣವನ್ನೋ ಗದ್ದೆಯನ್ನೋ ಬಿಟ್ಟು, ಅದನ್ನು ಯಾರು ನೋಡಿಕೊಳ್ಳಬೇಕೆಂದೂ ಕಲ್ಲಿನಲ್ಲಿ ಬರೆಸುತ್ತಿದ್ದನು. ಇಂದಿನ ಅನುದಾನ ದೀಪವನ್ನು ಕೊಡುತ್ತದೆ, ಎಣ್ಣೆಯ ಮಾತನ್ನೇ ಎತ್ತುವುದಿಲ್ಲ. ಬ್ಯಾಟರಿಯ ಆಯುಸ್ಸು ಐದು ವರ್ಷದ ಆಸುಪಾಸು. ಕಂಪನಿಗಳ ನಿಯಮದಂತೆ ಬಹುವಾರ್ಷಿಕ ಯೋಜನೆಯೊಂದು ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಕ್ಕೆ ಮುಗಿಯತಕ್ಕದ್ದು. ಬ್ಯಾಟರಿ ಸಾಯುವ ಹೊತ್ತಿಗೆ ದಾನಿಯ ಕಡತ ಮುಚ್ಚಿ ವರ್ಷವಾಗಿರುತ್ತದೆ.

ಇದಕ್ಕೆ ಉಪಾಯವಿಲ್ಲದಿಲ್ಲ. ನಾಲ್ಕು ಬ್ಯಾಟರಿಗೆ ಇಂದಿನ ಬೆಲೆಯಲ್ಲಿ ಅರವತ್ತು ಸಾವಿರ ರೂಪಾಯಿ ಎಂದುಕೊಂಡರೆ, ವರ್ಷಕ್ಕೆ ಹನ್ನೆರಡು ಸಾವಿರ, ತಿಂಗಳಿಗೆ ಒಂದು ಸಾವಿರ ಕೂಡಿಡಬೇಕು. ಎಸ್‌ಡಿಎಂಸಿ ಖಾತೆಯಲ್ಲಿ ಬೇರೆಯಾಗಿ ಒಂದು ಬ್ಯಾಟರಿ ನಿಧಿ ತೆರೆದು, ಮೊದಲ ಕಂತನ್ನು ದಾನಿಯೇ ಹಾಕಿ, ಮುಂದಿನದನ್ನು ಗ್ರಾಮ ಪಂಚಾಯತಿಯೂ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ಹಂಚಿಕೊಳ್ಳುವುದೆಂದು ಒಪ್ಪಂದದಲ್ಲಿಯೇ ಬರೆಸಬಹುದು. ಐದು ವರ್ಷಗಳ ನಿರ್ವಹಣೆಯ ಕರಾರನ್ನು ಘಟಕ ಹಾಕಿದವರಿಂದ ಬರೆಸಿಕೊಂಡು, ಆ ಹಣವನ್ನು ಅನುದಾನದಲ್ಲಿಯೇ ಮುಂಗಡವಾಗಿ ಸೇರಿಸಬಹುದು. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ತುಂಬುವವನು, ಫಲಕದ ಮೇಲಿನ ಪಾಚಿಯನ್ನೂ ಹಕ್ಕಿಯ ಹಿಕ್ಕೆಯನ್ನೂ ಒರಸುವವನು ಇಂಥವನೇ ಎಂದು ಒಬ್ಬನ ಹೆಸರು ಕಾಗದದಲ್ಲಿರಬೇಕು. ಆತ ವರ್ಗವಾಗಿ ಹೋಗುವ ಶಿಕ್ಷಕನಾಗಿರದೆ ಊರಿನಲ್ಲಿಯೇ ನೆಲೆಸಿದ ತರುಣನಾಗಿದ್ದರೆ ಒಳ್ಳೆಯದು. ದಾನಿಗಳ ಸಮಿತಿ ಇಂಥ ಸಣ್ಣ ಖರ್ಚುಗಳನ್ನು ಕಂಡು ಹುಬ್ಬು ಗಂಟಿಕ್ಕುವುದುಂಟು. ಫಲಕಗಳ ಸಂಖ್ಯೆ ಹತ್ತರಿಂದ ಎಂಟಕ್ಕೆ ಇಳಿದರೂ ಚಿಂತೆಯಿಲ್ಲ, ಈ ಸಾಲನ್ನು ಮಾತ್ರ ಅಳಿಸಬೇಡಿರೆಂದು ಶಾಲೆಯವರು ಹಟ ಹಿಡಿಯಬೇಕು.

ಹೊತ್ತಿನ ವಿಚಾರವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅರ್ಜಿಗಳು ಸೋಲುವುದು ಅನೇಕ ವೇಳೆ ಅದರಿಂದಲೇ. ಕಂಪನಿಗಳ ಲೆಕ್ಕದ ವರ್ಷ ಮಾರ್ಚಿಗೆ ಮುಗಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಉಳಿದ ಹಣವನ್ನು ಎಲ್ಲಿ ವಿನಿಯೋಗಿಸುವುದೆಂದು ಅವರೂ ಹುಡುಕುತ್ತಿರುತ್ತಾರೆ. ಮಳೆ ನಿಂತು ಹೊಲಗಳು ಒಣಗುವ ದೀಪಾವಳಿಯ ಹೊತ್ತಿಗೆ ಶಾಲೆಯವರು ಮಾಡನ್ನು ಅಳೆದು, ನೆರಳು ಬೀಳುವ ಮರಗಳನ್ನು ಗುರುತಿಸಿ, ಹಿಂದಿನ ಹನ್ನೆರಡು ತಿಂಗಳ ಹೆಸ್ಕಾಂ ಬಿಲ್ಲುಗಳನ್ನೂ, ಎಷ್ಟು ದಿನ ಎಷ್ಟು ಹೊತ್ತು ಕರೆಂಟಿರಲಿಲ್ಲವೆಂಬ ಟಿಪ್ಪಣಿಯನ್ನೂ ಜೊತೆಗಿಟ್ಟು ಅರ್ಜಿ ಕಳುಹಿಸಿದರೆ, ಮಾರ್ಚಿನೊಳಗೆ ಮಂಜೂರಾತಿ ಬಂದು ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಕೆಲಸ ಮುಗಿಯಬಹುದು. ಕಾಕತಿಯಲ್ಲಾದರೆ ಒಂದೆರಡು ತಿಂಗಳು ತಡವಾದರೂ ನಡೆದೀತು. ಜಾಂಬೋಟಿಯಿಂದಾಚೆಗೆ ಜೂನ್ ಮೊದಲ ವಾರ ಮೀರಿತೆಂದರೆ ಕಬ್ಬಿಣದ ಕಂಬವನ್ನು ಹೊತ್ತ ಟೆಂಪೊ ಕೆಸರಿನ ದಾರಿಯಲ್ಲಿ ಊರು ತಲುಪುವುದು ಅಕ್ಟೋಬರಿಗೇ.